ಹುಲಿಯೂರುದುರ್ಗದ ನೆತ್ತಿಯಿಂದ ಶಿಂಷಾ

ಕಾವೇರಿಯ ಉಪನದಿಗಳನ್ನು ಹೇಳಿ ಎಂದರೆ ನೀವು ಉಸಿರು ಬಿಡದೆ ಒಪ್ಪಿಸುತ್ತೀರಿ: ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ, ಶಿಂಷಾ, ಅರ್ಕಾವತಿ. ನಾನೂ ಹೈಸ್ಕೂಲಿನಲ್ಲಿ ಹಾಗೆಯೇ ಒಪ್ಪಿಸಿದ್ದೆ, ಎರಡು ಅಂಕ ಪಡೆದಿದ್ದೆ. ಆದರೆ ಶಿಂಷಾ ಎಂಬ ಹೆಸರು ಬಾಯಿಗೆ ಬಂದಾಗ ಕಣ್ಣ ಮುಂದೆ ಯಾವ ಚಿತ್ರವೂ ಮೂಡುತ್ತಿರಲಿಲ್ಲ. ನಿಮಗೆ ಮೂಡುತ್ತದೆಯೇ? ಬಹುಶಃ ಬೆಂಗಳೂರು-ಮೈಸೂರು ದಾರಿಯಲ್ಲಿ ಮದ್ದೂರಿನ ಸೇತುವೆ, ಕೆಳಗೆ ಮರಳು, ನಡುವೆ ಒಂದಿಷ್ಟು ನೀರು, ಅಷ್ಟೇ.

ನದಿಗಳ ಕುರಿತ ಕಾರ್ಯಕ್ರಮವೊಂದಕ್ಕೆ ಜಾಗ ನೋಡಲು ಹೊರಟಾಗ ನಾವು ಮೊದಲು ಹತ್ತಿದ್ದು ಹುಲಿಯೂರುದುರ್ಗದ ಬೆಟ್ಟವನ್ನು. ಕುಣಿಗಲ್ಲಿನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಬೋರಲು ಹಾಕಿದ ಬಟ್ಟಲಿನಂತೆ ಕಾಣುವ ಬಂಡೆಯ ಬೆಟ್ಟ ಅದು. ಕ್ಯಾಮೆರಾ, ಸ್ಟ್ಯಾಂಡು, ಬ್ಯಾಟರಿ ಹೊತ್ತು ಬಂಡೆಯ ಮೇಲೆ ಏರುವಾಗ 'ದುರ್ಗ' ಎಂಬ ಮಾತಿನ ಅರ್ಥ ಮೊಣಕಾಲಿಗೆ ಚೆನ್ನಾಗಿ ತಿಳಿಯುತ್ತದೆ. ಹೋಗಲು ಕಷ್ಟವಾದದ್ದು ದುರ್ಗ. ಮೇಲೆ ಬಂದ ಹಿರಿಯರೊಬ್ಬರನ್ನು, "ಯಜಮಾನರೇ, ಶಿಂಷಾ ಹೊಳೆ ಯಾವ ಕಡೆ?" ಎಂದು ಕೇಳಿದೆ. ಅವರು ಪಡುವಣಕ್ಕೆ ಕೈ ತೋರಿಸಿ, "ಅಗೋ ಆ ಹಸುರು ಸಾಲು ಕಾಣ್ತದಲ್ಲ ಸ್ವಾಮಿ, ಅದರಾಚೆ. ಹೊಳೆ ಅಂದ್ಮೇಲೆ ಯಾವಾಗ್ಲೂ ನೀರಿರ್ಬೇಕು ಅಂತೇನಿಲ್ಲ" ಎಂದರು. ಭೂಗೋಳದ ಪಾಠದಲ್ಲಿ ನನಗೆ ಯಾರೂ ಹೇಳಿಕೊಡದ ಮಾತು ಅದು.

ನಮ್ಮ ಪುಸ್ತಕಗಳಲ್ಲಿ ಬೆಟ್ಟದ ನದಿ ಎಂದರೆ ಹಿಮದಿಂದ ಹುಟ್ಟುವ ಗಂಗೆ, ಇಲ್ಲವೇ ಸಹ್ಯಾದ್ರಿಯ ಮಳೆಯಲ್ಲಿ ಹುಟ್ಟುವ ಕಾವೇರಿ. ಶಿಂಷಾ ಎರಡೂ ಅಲ್ಲ. ಅದು ಬಯಲುಸೀಮೆಯ ನಡುವೆ ತಲೆಯೆತ್ತಿದ ಒಂಟಿ ಬೆಟ್ಟಗಳ ಮಗಳು. ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 914 ಮೀಟರ್ ಎತ್ತರದಲ್ಲಿ ಹುಟ್ಟಿ, ಗುಬ್ಬಿ, ತುರುವೇಕೆರೆ, ಕುಣಿಗಲ್ ಸೀಮೆಗಳನ್ನು ಹಾದು, ಮಂಡ್ಯ ಜಿಲ್ಲೆಗೆ ಇಳಿದು, 221 ಕಿಲೋಮೀಟರ್ ಹರಿದು ಕಾವೇರಿಯನ್ನು ಸೇರುತ್ತದೆ. ಅದಕ್ಕೆ ನೀರು ಕೊಡುವ ನೆಲ 8,469 ಚದರ ಕಿಲೋಮೀಟರ್. ವೀರವೈಷ್ಣವಿ, ಕಣಿಹಳ್ಳ, ಚಿಕ್ಕಹೊಳೆ, ಹೆಬ್ಬಳ್ಳ, ಮುಳ್ಳಹಳ್ಳ, ಕಣ್ವ ಇವು ಅದರ ಉಪನದಿಗಳೆಂದು ಪಟ್ಟಿಯಲ್ಲಿ ಸಿಗುತ್ತವೆ. ಅರ್ಧಕ್ಕರ್ಧ ಹೆಸರುಗಳು ಹಳ್ಳ, ಹೊಳೆ ಎಂದೇ ಮುಗಿಯುವುದನ್ನು ಗಮನಿಸಿ. ಇಷ್ಟು ದೊಡ್ಡ ಜಲಾನಯನ ಪ್ರದೇಶವಿದ್ದೂ ನೀರು ಯಾಕೆ ಕಡಿಮೆ? ತುಮಕೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಹೇಮಾವತಿ ಹುಟ್ಟುವ ಮೂಡಿಗೆರೆ ಕಡೆ ಇದರ ಮೂರು ಪಟ್ಟಿಗೂ ಹೆಚ್ಚು ಬೀಳುತ್ತದೆ. ನದಿಯ ದೊಡ್ಡಸ್ತಿಕೆಯನ್ನು ನೆಲದ ಅಗಲ ಒಂದೇ ತೀರ್ಮಾನಿಸುವುದಿಲ್ಲ.

ದೇವರಾಯನದುರ್ಗಕ್ಕೆ ನೀವು ಶಾಲೆಯ ಪ್ರವಾಸದಲ್ಲಿ ಹೋಗಿರಬಹುದು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಹದಿನೇಳನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಬೆಟ್ಟಕ್ಕೆ ಈ ಹೆಸರು ಬಂತು. ಬುಡದಲ್ಲಿ ನಾಮದ ಚಿಲುಮೆ ಇದೆ. ಹಣೆಗೆ ನಾಮವಿಡಲು ನೀರು ಬೇಕಾಗಿ ರಾಮ ಬಾಣ ಬಿಟ್ಟು ಚಿಮ್ಮಿಸಿದ್ದು ಎಂಬುದು ಐತಿಹ್ಯ. ವಿಜ್ಞಾನ ಓದಿದವನಿಗೆ ಆ ಚಿಲುಮೆ ಬೇರೆಯದನ್ನೂ ಹೇಳುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿ ಹೋಗುತ್ತದೆ; ಬಿರುಕಿಗೆ ಇಳಿದಷ್ಟು ಮಾತ್ರ ಒಳಗೆ ಉಳಿದು, ತಗ್ಗಿನಲ್ಲಿ ದಾರಿ ಸಿಕ್ಕಾಗ ಹೊರಗೆ ಬರುತ್ತದೆ. ರಾಮನಗರ, ಸಾವನದುರ್ಗ, ಮಧುಗಿರಿ ಎಂದು ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿ ನಿಂತ ಈ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಇದಕ್ಕೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರು ಕ್ಲೋಸ್‌ಪೇಟೆ.

ಈ ಬೆಟ್ಟದ ವಿಶೇಷ ಇನ್ನೊಂದಿದೆ. ಇಲ್ಲಿ ಹುಟ್ಟುವುದು ಶಿಂಷಾ ಒಂದೇ ಅಲ್ಲ, ಜಯಮಂಗಲಿಯೂ ಇಲ್ಲಿಯದೇ. ಶಿಂಷಾ ದಕ್ಷಿಣಕ್ಕೆ ಇಳಿದರೆ ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆಗೆ ಉತ್ತರಕ್ಕೆ ಹೊರಟು, ಆಂಧ್ರದ ಹಿಂದೂಪುರದ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದು ಮಳೆಯ ಎರಡು ಹನಿಗಳು ಬೆಟ್ಟದ ಏಣಿನ ಎರಡು ಬದಿಗೆ ಬಿದ್ದರೆ, ಒಂದು ಪೂಂಪುಹಾರಿನಲ್ಲೂ ಇನ್ನೊಂದು ನೆಲ್ಲೂರಿನ ಬಳಿಯೂ ಸಮುದ್ರ ಕಾಣುತ್ತದೆ. ನಡುವೆ 350 ಕಿಲೋಮೀಟರಿಗೂ ಹೆಚ್ಚು ಅಂತರ. ಜಲವಿಭಾಜಕ ಎಂಬ ಪದವನ್ನು ಕಂಠಪಾಠ ಮಾಡುವ ಬದಲು ಒಮ್ಮೆ ಆ ಏಣಿನ ಮೇಲೆ ನಿಂತು ಬನ್ನಿ.

ಬೆಟ್ಟ ಇಳಿದ ಶಿಂಷೆಯನ್ನು ಹಿಂದಿನವರು ಬಹಳ ದೂರ ಓಡಲು ಬಿಡಲಿಲ್ಲ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಅದಕ್ಕೆ ಏರಿ ಕಟ್ಟಿ ದೊಡ್ಡ ಕೆರೆ ಮಾಡಿದರು. ಲಂಕೆಯಿಂದ ಮರಳುವಾಗ ಸೀತೆಯ ಕೋರಿಕೆಯಂತೆ ರಾಮನೇ ಕಟ್ಟಿಸಿದ ಎಂದು ಊರಿನವರು ಹೇಳುತ್ತಾರೆ. ಕಡಬ ಹಳೆಯ ಊರೇ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಹೆಸರಿನ, ಒಂಬತ್ತನೇ ಶತಮಾನದ ಆರಂಭದ ತಾಮ್ರಶಾಸನ ಇಲ್ಲಿಂದ ಸಿಕ್ಕಿದೆ. ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ರಾಜರ ಕಾಲಕ್ಕೆ ಅಂಕ ಸಿಗುತ್ತದೆ, ಕೆರೆಯ ಏರಿಗೆ ಸಿಗುವುದಿಲ್ಲ. ಆದರೆ ಈ ಸೀಮೆಯಲ್ಲಿ ರಾಜರು ಬಂದು ಹೋದರು, ಏರಿಗಳು ಉಳಿದವು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಲು ನೀರುಗಂಟಿ ಇದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಈ ಏರ್ಪಾಟು ನೋಡಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕು ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ಹಾಗಾಗಿ ಶಿಂಷೆಯಲ್ಲಿ ನೀರಿಲ್ಲ ಎನ್ನುವಾಗ ಅರ್ಧ ಸತ್ಯ ಮಾತ್ರ ಹೇಳುತ್ತೇವೆ. ಅದರ ನೀರಿನ ಒಂದು ಪಾಲು ಹೊಳೆಗೆ ಬರುವ ಮೊದಲೇ ಕೆರೆಗಳಲ್ಲಿ ಕೂತಿರುತ್ತದೆ.

ಕುಣಿಗಲ್ಲಿನ ಕೆರೆಯ ಹಾಡು ನಿಮಗೆಲ್ಲ ಗೊತ್ತು, ಆ ವಿಷಯಕ್ಕೆ ಹೋಗುವುದಿಲ್ಲ. ಅಲ್ಲಿಂದ ಪಡುವಣಕ್ಕೆ ಯಡಿಯೂರಿನ ದಾರಿಯಲ್ಲಿ ಕಗ್ಗೆರೆ ಎಂಬ ಊರಿದೆ. ಶಿಂಷೆಯನ್ನು ಸೇರುವ ನಾಗಿನಿ ಎಂಬ ಪುಟ್ಟ ಹೊಳೆಯ ದಂಡೆ ಅದು. ಅಲ್ಲಿಯ ತೋಟದಲ್ಲಿ ತಪಸ್ಸಿಗೆ ಕೂತದ್ದರಿಂದಲೇ ಸಿದ್ಧಲಿಂಗ ಯತಿಗಳು ತೋಂಟದ ಸಿದ್ಧಲಿಂಗರಾದರು. ಉಪನದಿಗಳ ಪಟ್ಟಿಯಲ್ಲಿ ಎಷ್ಟೋ ಸಲ ಹೆಸರೇ ಬಾರದ ಹೊಳೆಯೊಂದು ಕನ್ನಡ ನಾಡಿನ ಧಾರ್ಮಿಕ ಚರಿತ್ರೆಯಲ್ಲಿ ಇಷ್ಟು ದೊಡ್ಡ ಜಾಗ ಹಿಡಿದಿದೆ.

ಇನ್ನು ಮಾರ್ಕೋನಹಳ್ಳಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕುಣಿಗಲ್ ತಾಲ್ಲೂಕಿನ ಈ ಅಣೆಕಟ್ಟು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊಡುಗೆ. ನಡುವೆ 139 ಮೀಟರಿನ ಕಲ್ಲುಕಟ್ಟಡ, ಉಳಿದದ್ದು ಸುಮಾರು 1,470 ಮೀಟರಿನ ಮಣ್ಣಿನ ಏರಿ, ತುಂಬಿದರೆ 2.4 ಟಿಎಂಸಿ ನೀರು. ಇದನ್ನು ನೋಡಬೇಕಾದದ್ದು ಗಾತ್ರಕ್ಕಲ್ಲ, ಅದರ ಕೋಡಿಗೆ. ಇಲ್ಲಿ ಸೈಫನ್ ಇದೆ.

ಸೀಮೆಎಣ್ಣೆ ಡಬ್ಬಿಯಿಂದ ಕೊಳವೆ ಹಾಕಿ ಬಾಯಲ್ಲಿ ಎಳೆದು ಕ್ಯಾನಿಗೆ ಇಳಿಸುವುದನ್ನು ನೀವು ನೋಡಿರಬಹುದು. ಒಮ್ಮೆ ಕೊಳವೆ ತುಂಬಿತೆಂದರೆ ಡಬ್ಬಿಯ ಅಂಚು ಹತ್ತಿ ಇಳಿದು ಎಣ್ಣೆ ತಾನಾಗಿ ಹರಿಯುತ್ತದೆ. ಹೊರಗಿನ ಗಾಳಿಯ ಒತ್ತಡ ಅದನ್ನು ತಳ್ಳುತ್ತಿರುತ್ತದೆ. ಅಣೆಕಟ್ಟಿನ ಸೈಫನ್ನಿನ ತತ್ವ ಇದೇ. ಕೆರೆಯ ನೀರು ಗೊತ್ತಾದ ಮಟ್ಟಕ್ಕೆ ಏರುವವರೆಗೆ ಏನೂ ಆಗುವುದಿಲ್ಲ. ಮಟ್ಟ ಮೀರಿದಾಗ ನೀರು ತೆಳುವಾಗಿ ಒಳಗೆ ಇಳಿಯುತ್ತಾ ಅಲ್ಲಿದ್ದ ಗಾಳಿಯನ್ನು ಜೊತೆಗೆ ಒಯ್ಯುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ತುಂಬು ಬಾಯಲ್ಲಿ ನೀರು ಸೆಳೆಯತೊಡಗುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ತಾನೇ ನಿಲ್ಲುತ್ತದೆ. ಬಾಗಿಲು ಎತ್ತುವವರು ಬೇಡ, ಕರೆಂಟು ಬೇಡ, ಮಧ್ಯರಾತ್ರಿ ಪ್ರವಾಹ ಬಂದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಸೈಫನ್ ಕೋಡಿಗಳ ವಿಷಯಕ್ಕೆ ಬಂದರೆ ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಅವರ ಹೆಸರನ್ನು ನೀವು ತಿಳಿದಿರಬೇಕು. ನೀರು ಸುರುಳಿ ಸುತ್ತುತ್ತಾ ಇಳಿದು ಗಾಳಿಯನ್ನು ಬೇಗ ಎಳೆದೊಯ್ಯುವಂಥ ಸೈಫನ್ ಅವರು ರೂಪಿಸಿದ್ದು. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಅದನ್ನು ಬಳಸಲಾಯಿತು. ವಿಶ್ವೇಶ್ವರಯ್ಯನವರು 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಹಾಕಿದ ಸ್ವಯಂಚಾಲಿತ ಬಾಗಿಲುಗಳ ಬಗ್ಗೆ ಎಲ್ಲ ಪುಸ್ತಕಗಳಲ್ಲೂ ಇದೆ. ಗಣೇಶ ಅಯ್ಯರ್ ಅವರ ಬಗ್ಗೆ ಎಂಜಿನಿಯರಿಂಗ್ ಪುಸ್ತಕ ಬಿಟ್ಟರೆ ಬೇರೆಲ್ಲೂ ಕಾಣೆ. ನನಗೆ ಇದು ಸರಿ ಕಾಣುವುದಿಲ್ಲ.

ಆದರೆ ಯಾರ ಕೈಯೂ ಇಲ್ಲದೆ ತೆರೆಯುವ ಕೋಡಿಗೆ ಎಚ್ಚರಿಕೆ ಹೇಳುವ ಬಾಯಿಯೂ ಇರುವುದಿಲ್ಲ. 2025ರ ಅಕ್ಟೋಬರ್ ಮೊದಲ ವಾರ ಕಳೆದ ಸಮಯದಲ್ಲಿ ಇಲ್ಲಿಗೆ ಪ್ರವಾಸ ಬಂದ ಕುಟುಂಬವೊಂದರ ಹಲವರು ಅಣೆಕಟ್ಟಿನ ಕೆಳಗೆ ನೀರಿಗೆ ಇಳಿದಿದ್ದಾಗ ಸೈಫನ್ನಿನ ನೀರು ಒಮ್ಮೆಲೇ ನುಗ್ಗಿ ಕೊಚ್ಚಿಕೊಂಡು ಹೋಯಿತು. ಹೆಂಗಸರು, ಮಕ್ಕಳೂ ಅವರಲ್ಲಿದ್ದರು. ಅದಕ್ಕೆ ಅರ್ಧ ಗಂಟೆ ಮೊದಲು ಅಲ್ಲಿ ನಿಂತು ನೋಡಿದ್ದರೆ ನೀವೂ ನಾನೂ ಮೊಣಕಾಲುದ್ದದ ತಿಳಿನೀರು ಎಂದೇ ಹೇಳುತ್ತಿದ್ದೆವು. ಸೈಫನ್ನಿನ ಗುಣವೇ ಹಾಗೆ, ಅದು ಬಾಗಿಲಿನಂತೆ ಇಷ್ಟಿಷ್ಟೇ ತೆರೆಯುವುದಿಲ್ಲ. ನಾನು ಈ ತತ್ವವನ್ನು ಎಷ್ಟೋ ಸಲ ಮೆಚ್ಚಿಕೊಂಡು ವಿವರಿಸಿದ್ದೇನೆ, ಈ ಮಾತನ್ನು ಎಂದೂ ಸೇರಿಸಿರಲಿಲ್ಲ. ಈಗ ಸೇರಿಸುತ್ತಿದ್ದೇನೆ: ತುಂಬಿದ ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯಬೇಡಿ, ಎಷ್ಟೇ ಶಾಂತವಾಗಿದ್ದರೂ.

ಮತ್ತೆ ಹುಲಿಯೂರುದುರ್ಗಕ್ಕೆ ಬರೋಣ. ಬೆಂಗಳೂರನ್ನು ಸುತ್ತುವರಿದ ಒಂಬತ್ತು ದುರ್ಗಗಳೆಂದು ಎಣಿಸುವಾಗ ದೇವರಾಯನದುರ್ಗವೂ ಬರುತ್ತದೆ, ಹುಲಿಯೂರುದುರ್ಗವೂ ಬರುತ್ತದೆ. ಶಿಂಷಾ ಮೊದಲನೆಯದರಲ್ಲಿ ಹುಟ್ಟಿ ಎರಡನೆಯದರ ಪಡುವಣಕ್ಕೆ ಹಾದು ಹೋಗುತ್ತದೆ. ಇಲ್ಲಿಯ ಕೋಟೆಯನ್ನು ಕಟ್ಟಿದವನು ಕೆಂಪೇಗೌಡ ಎಂದು ಪ್ರತೀತಿ. ಬಂಡೆಯ ಮೇಲೆ ಕೋಟೆ ಕಟ್ಟುವುದು ದೊಡ್ಡ ಮಾತಲ್ಲ, ಅಲ್ಲಿ ನೀರು ನಿಲ್ಲಿಸುವುದು ದೊಡ್ಡ ಮಾತು. ಅದಕ್ಕೇ ದುರ್ಗಗಳಲ್ಲೆಲ್ಲ ದೊಣೆಗಳು. ಬಂಡೆಯ ತಗ್ಗಿನಲ್ಲಿ ಮಳೆನೀರು ಹಿಡಿದಿಟ್ಟ ಈ ದೊಣೆ ಬತ್ತಿದರೆ ಕೋಟೆ ಸೋತಂತೆಯೇ.

1791ನೇ ಇಸವಿಯನ್ನು ನೀವು ಮೂರನೇ ಮೈಸೂರು ಯುದ್ಧದ ಪಾಠದಲ್ಲಿ ಓದಿದ್ದೀರಿ. ಆ ವರ್ಷ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೆ ಬಂದ. ಕದನದಲ್ಲಿ ಸೋಲಲಿಲ್ಲ, ಆದರೂ ಹಿಂದೆ ಸರಿದ. ಯಾಕೆ? ಮಳೆ ಹಿಡಿದಿತ್ತು, ಕಾವೇರಿ ಏರುತ್ತಿತ್ತು, ಫಿರಂಗಿ ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಂದು ಸಾಯುತ್ತಿದ್ದವು. ಕಣ್ಣಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿನ ಕಡೆ ತಿರುಗಿದ. ದಾರಿಯಲ್ಲಿ ಮರಾಠರ ದಂಡು ಕೂಡಿಕೊಂಡಿತು. ಆ ಹಿಂದಿರುಗುವ ದಾರಿಯಲ್ಲಿ ಹುಲಿಯೂರುದುರ್ಗ ಅವನ ಕೈಸೇರಿತು. ಅದೇ ಡಿಸೆಂಬರಿನಲ್ಲಿ ಸಾವನದುರ್ಗ, ಹುತ್ರಿದುರ್ಗಗಳೂ ಹೋದವು. ಈ ಕಥೆಯಲ್ಲಿ ನಾವು ಟಿಪ್ಪು, ಕಾರ್ನ್‌ವಾಲಿಸ್ ಎಂದು ಇಬ್ಬರನ್ನು ನೆನಪಿಡುತ್ತೇವೆ. ಮುಂಗಾರು, ಹೊಳೆ, ಎತ್ತು ಈ ಮೂವರ ಪಾಲು ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಬಂಡಿ ದಾಟುವ ಹಳ್ಳ ಆಷಾಢದಲ್ಲಿ ದಂಡನ್ನೇ ತಡೆಯುತ್ತದೆ ಎಂಬುದನ್ನು ಭೂಪಟ ತೋರಿಸುವುದಿಲ್ಲ.

ಇನ್ನೂ ಕೆಳಗೆ ನಾಗಮಂಗಲದ ಕಡೆಯ ವೀರವೈಷ್ಣವಿಯ ನೀರೂ ಶಿಂಷೆಗೆ ಬರುತ್ತದೆ. ಮುಂದೆ ಮದ್ದೂರು. ಇಲ್ಲಿ ಶಿಂಷೆಗೆ ಕದಂಬ ನದಿ ಎಂದೂ ಹೆಸರು. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಕಾಂಗ್ರೆಸ್ ಸಮಾವೇಶದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಭೂಪಟ ತೆಗೆದು ನೋಡಿ: ವಿದುರಾಶ್ವತ್ಥ ಉತ್ತರ ಪಿನಾಕಿನಿಯ ದಂಡೆ. ಅದೇ ಪಿನಾಕಿನಿಯನ್ನು ಕೆಳಗೆ ಹೋಗಿ ಜಯಮಂಗಲಿ ಸೇರುವುದು. ದೇವರಾಯನದುರ್ಗದ ಎರಡು ಮಗ್ಗುಲಿನ ನೀರು ಹೋಗಿ ಸೇರುವ ಎರಡು ಹೊಳೆಸೀಮೆಗಳಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಧ್ವಜಗಳು. ಇದು ಕಾಕತಾಳೀಯ ಎಂದು ನನಗೆ ಗೊತ್ತು. ಎಡಿಟಿಂಗ್ ಮೇಜಿನ ಮೇಲೆ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಡುವ ಅಭ್ಯಾಸ ನನ್ನಿಂದ ಇದನ್ನು ಬರೆಸಿತು.

ಮಾಗಡಿ ಸೀಮೆಯಿಂದ ಬರುವ ಕಣ್ವಕ್ಕೆ ಚನ್ನಪಟ್ಟಣ ತಾಲ್ಲೂಕಿನಲ್ಲಿ 1946ರಲ್ಲಿ ಅಣೆಕಟ್ಟಾಯಿತು. ಅದೂ ಕೊನೆಗೆ ಶಿಂಷೆಯ ಪಾಲೇ. ಶಿಂಷೆಗೇ ಇಗ್ಗಲೂರಿನಲ್ಲಿ ಇನ್ನೊಂದು ಬ್ಯಾರೇಜು. ಹತ್ತಿರದ ಕೊಕ್ಕರೆ ಬೆಳ್ಳೂರನ್ನು ಹೆಸರಿಸದೆ ಹೋಗಲಾಗದು. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ, ಶಿಂಷೆಯಲ್ಲೂ ಸುತ್ತಲ ಕೆರೆಗಳಲ್ಲೂ ಮೀನು ಹಿಡಿಯುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು 1976ರಲ್ಲಿ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಊರಿನವರಿಗೆ ಅದೇನೂ ಹೊಸ ಸುದ್ದಿಯಾಗಿರಲಿಲ್ಲ, ಹಕ್ಕಿಯ ಹಿಕ್ಕೆಯನ್ನು ಹೊಲಕ್ಕೆ ಹಾಕುತ್ತಲೇ ಇದ್ದರು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ಹುಳುಗಳು ಕಾರಣವೆಂದು ಕಂಡುಬಂತು. ಹೊಳೆಯ ಪಾತ್ರವೂ ಇಲ್ಲಿ ಸೊರಗಿದೆ. ಅದರ ಮರಳು ಲಾರಿ ಹತ್ತಿ ಬೆಂಗಳೂರಿನ ಗೋಡೆಗಳಾಗಿದೆ. ಮರಳಿಲ್ಲದ ಪಾತ್ರದಲ್ಲಿ ನೀರು ಇಂಗಿ ನಿಲ್ಲುವುದಿಲ್ಲ, ದಡದ ಬಾವಿಗಳಿಗೆ ಇದು ಬೇಗ ತಿಳಿಯುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿಂಷಾಪುರದಲ್ಲಿ ಒಂದು ವಿಚಿತ್ರವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು ನಿಮಗೆ ಗೊತ್ತಿದೆ. 1940ರಲ್ಲಿ ಶಿಂಷಾ ವಿದ್ಯುದಾಗಾರ ಬಂತು, ಸಾಮರ್ಥ್ಯ 17.2 ಮೆಗಾವಾಟ್. ಹೆಸರು ಶಿಂಷೆಯದು, ತಿರುಗಿಸುವ ನೀರು ಕಾವೇರಿಯದು. ಪಕ್ಕದ ಶಿಂಷಾ ಕಣಿವೆ ಹೆಚ್ಚು ಆಳವಾಗಿದೆಯಾದ್ದರಿಂದ ಕಾವೇರಿಯ ನೀರನ್ನೇ ಕಾಲುವೆಯಲ್ಲಿ ತಂದು ಆ ಕಣಿವೆಗೆ ಬೀಳಿಸಿದರು. ಶಿಂಷಾ ನೀರಿಗಿಂತ ಹೆಚ್ಚಾಗಿ ತನ್ನ ಇಳಿಜಾರನ್ನು ಕೊಟ್ಟಿತು. ಅಲ್ಲಿಂದ ಸ್ವಲ್ಪ ಕೆಳಗೆ ಅದು ಕಾವೇರಿಯಲ್ಲಿ ಒಂದಾಗುತ್ತದೆ.

ಹೀಗೆ ಒಂದಾದ ನೀರು ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ಲೆಕ್ಕಕ್ಕೆ ಬರುತ್ತದೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಅಲ್ಲಿ ಹರಿಯಬೇಕಾದದ್ದು 177.25 ಟಿಎಂಸಿ. ಸುದ್ದಿಯಲ್ಲಿ ಕೃಷ್ಣರಾಜಸಾಗರದ ಮಟ್ಟವನ್ನಷ್ಟೇ ಓದುತ್ತೇವೆ. ಆದರೆ ಕೃಷ್ಣರಾಜಸಾಗರದ ಕೆಳಗೆ, ಬಿಳಿಗುಂಡ್ಲುವಿನ ಮೇಲೆ ಕಾವೇರಿಯನ್ನು ಸೇರುವ ಶಿಂಷೆಯೂ ಆ ಲೆಕ್ಕದಲ್ಲಿದೆ. ತುಮಕೂರಿನಲ್ಲಿ ಹಿಂಗಾರು ಚೆನ್ನಾಗಿ ಹಿಡಿದ ವರ್ಷ ಅದು ಗೊತ್ತಾಗುತ್ತದೆ.

ಇನ್ನು ಈಚಿನ ಮಾತು. ಶಿಂಷೆಯ ಸೀಮೆಗೆ ಇಂದು ಇನ್ನೊಂದು ನದಿಯ ನೀರು ಬರುತ್ತದೆ. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನ ಹೇಮಾವತಿ ನೀರು ಬಾಗೂರು-ನವಿಲೆ ಸುರಂಗ ದಾಟಿ ತುಮಕೂರು ನಾಲೆಗೆ ಇಳಿಯುತ್ತದೆ. ತುಮಕೂರು ನಗರ ಕುಡಿಯುವುದು ಹೆಚ್ಚಾಗಿ ಅದನ್ನೇ. ನಾಲೆಯ ಕೊನೆಯಲ್ಲಿರುವುದು ಕುಣಿಗಲ್. ನಾಲೆಯ ಕೊನೆಯಲ್ಲಿ ಜಮೀನಿರುವುದು ಎಂದರೇನೆಂದು ರೈತರ ಮಕ್ಕಳಾದ ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ನೀರಿಗಿಂತ ಮೊದಲು ತಲುಪುತ್ತದೆ, ಕೆಲವು ವರ್ಷ ಸುದ್ದಿಯೊಂದೇ ತಲುಪುತ್ತದೆ. ಇದಕ್ಕೆ ಪರಿಹಾರವೆಂದು ಗುಬ್ಬಿ ತಾಲ್ಲೂಕಿನಲ್ಲಿ ನಾಲೆಯ ನಡುವಿನಿಂದಲೇ ಕೊಳವೆಯಲ್ಲಿ ನೇರವಾಗಿ ಕುಣಿಗಲ್ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆ ಬಂತು, ಮಾಗಡಿಗೂ ನೀರು ಎಂಬ ಮಾತು ಸೇರಿತು. 2024, 2025ರಲ್ಲಿ ಗುಬ್ಬಿ, ತುಮಕೂರು, ತುರುವೇಕೆರೆ ಕಡೆಯ ರೈತರು ಬೀದಿಗೆ ಇಳಿದರು. ನಡುವೆಯೇ ನೀರು ತಿರುಗಿಸಿದರೆ ಮುಂದಿನ ಊರುಗಳ ಗತಿಯೇನು ಎಂಬುದು ಅವರ ಪ್ರಶ್ನೆ. ನಮ್ಮ ಪಾಲು ಕಾಗದದಲ್ಲಿದೆ, ಕೆರೆಯಲ್ಲಿಲ್ಲ ಎಂಬುದು ಕುಣಿಗಲ್ಲಿನವರ ಉತ್ತರ. ಎರಡೂ ಕಡೆಯವರ ಮಾತು ಕೇಳಿದಾಗ ಎರಡೂ ನಿಜ ಎಂದೇ ನನಗೆ ಅನಿಸಿತು.

ಹುಲಿಯೂರುದುರ್ಗದ ಬಂಡೆಯಿಂದ ಇಳಿಯುವಾಗ ಅದೇ ಹಿರಿಯರನ್ನು ಕೊಳವೆಯ ವಿಷಯ ಕೇಳಿದೆ. "ಬರ್ಲಿ ಸ್ವಾಮಿ, ಬೇಡ ಅನ್ನೋರ್ಯಾರು" ಎಂದರು. ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ, "ನಮ್ಮ ಕೆರೇಲಿ ಹೂಳು ತೆಗ್ದು ಎಷ್ಟು ವರ್ಷ ಆಯ್ತು ಅಂತ ಮಾತ್ರ ಯಾರೂ ಕೇಳಲ್ಲ" ಎಂದು ಸೇರಿಸಿದರು.